ಮೊದಲ ಸಾಲಿನ ತಪ್ಪು

ಬಿಜೈ, ಮಂಗಳೂರು
11 ಜೂನ್ 1979

ಪೂಜ್ಯ ಚಿತ್ತರಂಜನ ಮಾವನವರಿಗೆ ಆಶಾಲತಾ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಹಾಗೆ ಬರೆಯಬೇಕೆಂದು ಅಮ್ಮ ಹಿಂದೆ ನಿಂತು ಹೇಳಿದ್ದರಿಂದ ಬರೆದೆ. ನಿಜವಾಗಿ ಇಲ್ಲಿ ಯಾರ ಮುಖವೂ ಸರಿ ಇಲ್ಲ. ಸೆಕೆಂಡ್ ಪಿಯುಸಿಯಲ್ಲಿ ನಾನು ಗಣಿತ ಒಂದರಲ್ಲಿ ಫೇಲಾದದ್ದು ನಿಮಗೆ ಗೊತ್ತುಂಟು. ಬೇಕಾದದ್ದು ಮೂವತ್ತೈದು, ಬಂದದ್ದು ಇಪ್ಪತ್ತೊಂಬತ್ತು. ಅಕ್ಟೋಬರಿನಲ್ಲಿ ಮತ್ತೆ ಕೂರಬೇಕು, ಅಲ್ಲಿಯವರೆಗೆ ಲೆಕ್ಕ ಮಾಡಿ ಬೊಂಬಾಯಿಗೆ ಕಳಿಸಬೇಕು, ನೀವು ತಿದ್ದಿ ಕಳಿಸುತ್ತೀರಿ ಎಂದು ಅಮ್ಮ ಹೇಳಿದರು. ಅಪ್ಪನನ್ನು ಕೇಳಿದೆ. "ನಿನ್ನ ಮಾವ ಹೇಳಿದ ಮೇಲೆ ನನ್ನದೆಂತ ಉಂಟು?" ಅಂದರು. ಮಕ್ಕಳ ವಿಷಯ ಬಂದಾಗಲೆಲ್ಲ ಅಪ್ಪ ಆಡುವುದು ಇದೊಂದೇ ಮಾತು, ಯಾಕೆಂದರೆ ನಮ್ಮ ಅಳಿಯಕಟ್ಟಿನಲ್ಲಿ ಮಕ್ಕಳು ಅಮ್ಮನ ಮನೆತನಕ್ಕೆ ಸೇರಿದವರು, ಅದರ ಯಜಮಾನರು ನೀವು.

ಇದರ ಜೊತೆ ಬೀಜಗಣಿತದ ಲೆಕ್ಕಗಳನ್ನು ಇಟ್ಟಿದ್ದೇನೆ. ತಪ್ಪಿದ್ದರೆ ಬೈಯಬೇಡಿ.

ಇನ್ನೊಂದು ವಿಷಯ. ಅಕ್ಟೋಬರಿನಲ್ಲೂ ಫೇಲಾದರೆ ಓದು ಸಾಕು, ನಿಮ್ಮ ಮಗ ನಿತ್ಯಾನಂದ ಬಾವನಿಗೆ ನನ್ನನ್ನು ಕೊಡುವುದು ಎಂದು ಅಮ್ಮ ಹೇಳುತ್ತಾರೆ. ನನಗೆ ಬಿ.ಎಸ್ಸಿ. ಓದಬೇಕೆಂದು ಆಸೆ. ಪಾಸಾದರೆ ಮದುವೆಯ ಮಾತು ಇಲ್ಲ ತಾನೇ? ಒಂದು ಸಾಲು ಬರೆಯಿರಿ.

ನಿಮ್ಮ ಆಶಾಲತಾ


ಫೋರ್ಟ್, ಬೊಂಬಾಯಿ
20 ಜೂನ್ 1979

ಚಿ. ಆಶಾಲತಾಳಿಗೆ ಆಶೀರ್ವಾದಗಳು.

ನಿನ್ನ ಹಾಳೆಗಳು ಬಂದವು. ನಿನಗೆ ಇಪ್ಪತ್ತೊಂಬತ್ತು ಕೊಟ್ಟ ಪುಣ್ಯಾತ್ಮ ಯಾರು? ಹೆಸರು ಸಿಕ್ಕಿದರೆ ತಿಳಿಸು, ಅವನಿಗೂ ಒಂದು ಕಾಗದ ಹಾಕುತ್ತೇನೆ. ನಾನಾಗಿದ್ದರೆ ಶಾಯಿಯ ಖರ್ಚಿಗೆಂದು ನಾಲ್ಕು ಕೊಡುತ್ತಿದ್ದೆ.

ಮೂರನೇ ಲೆಕ್ಕ ನೋಡು. ಮೂರು ಸಂಖ್ಯೆಗಳನ್ನು ಕೂಡಿದರೆ ಸೊನ್ನೆ ಬರುತ್ತದೆ. ಹಾಗಿದ್ದರೆ ಅವುಗಳ ಘನಗಳ ಮೊತ್ತ ಅವುಗಳ ಗುಣಲಬ್ಧದ ಮೂರು ಪಟ್ಟು ಎಂದು ಸಾಧಿಸಬೇಕು. ನೀನು ಎಂತ ಮಾಡಿದ್ದೀಯ? ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೀಯ! ಅಲ್ಲಿಂದ ಹೊರಟು, ಇದನ್ನು ಆಚೆ ದಾಟಿಸಿ ಅದನ್ನು ಈಚೆ ದಾಟಿಸಿ, ಕೊನೆಗೆ ಸೊನ್ನೆ ಸಮ ಸೊನ್ನೆ ಎಂದು ಬರೆದು, ಅಡಿಯಲ್ಲಿ ಠೀವಿಯಿಂದ ಎರಡು ಗೆರೆ ಎಳೆದಿದ್ದೀಯ. ಈ ದಾರಿಯಲ್ಲಿ ನಾನೂ ಒಂದು ಸಾಧಿಸಿ ತೋರಿಸುತ್ತೇನೆ. ಒಂದು ಸಮ ಎರಡು. ಎರಡೂ ಕಡೆಯನ್ನು ಸೊನ್ನೆಯಿಂದ ಗುಣಿಸು. ಸೊನ್ನೆ ಸಮ ಸೊನ್ನೆ. ಆದ್ದರಿಂದ ಒಂದು ಮತ್ತು ಎರಡು ಒಂದೇ. ಹೋಗಿ ನಿಮ್ಮ ಬಿಜೈ ಮಾರ್ಕೆಟಿನಲ್ಲಿ ಹೇಳು, ಮೀನಿನವಳು ಬುಟ್ಟಿ ಬಿಟ್ಟು ಎದ್ದು ಬರುತ್ತಾಳೆ.

ಇಲ್ಲಿ ನನ್ನ ರಾತ್ರಿಶಾಲೆಯ ಹುಡುಗರು ಇಡೀ ದಿನ ಹೋಟೆಲಿನಲ್ಲಿ ದುಡಿದು ಬಂದು ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಾರೆ. ನಿದ್ದೆಯಲ್ಲೂ ಅವರು ಈ ತಪ್ಪು ಮಾಡುವುದಿಲ್ಲ. ಬೇರೆ ತಪ್ಪು ಮಾಡುತ್ತಾರೆ.

ಇನ್ನು ಮುಂದೆ ಪ್ರತಿ ಲೆಕ್ಕದ ಮೇಲೆ ಎರಡು ಶೀರ್ಷಿಕೆ ಬರೆ. ದತ್ತ, ಅಂದರೆ ನಮಗೆ ಕೊಟ್ಟದ್ದು. ಸಾಧನೀಯ, ಅಂದರೆ ನಾವು ತೋರಿಸಬೇಕಾದದ್ದು. ಎರಡನೆಯದನ್ನು ಕದ್ದು ಮೊದಲನೆಯದರೊಳಗೆ ತಂದರೆ ಆ ಹಾಳೆಯನ್ನು ಓದುವುದೇ ಇಲ್ಲ. ರಬ್ಬರ್ ಬಳಸಬೇಡ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು ಸರಿಯಾದದ್ದನ್ನು ಕೆಳಗೆ ಬರೆ. ತಪ್ಪು ಕಾಣುತ್ತಿರಬೇಕು, ನಾನು ನಗಬೇಕಲ್ಲ.

ಮಾವ


ಬಿಜೈ
4 ಜುಲೈ 1979

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಅಮ್ಮನೂ ಓದಿದರು. "ನೋಡು, ನಿನ್ನ ಮೇಲೆ ಎಷ್ಟು ಪ್ರೀತಿ ಉಂಟು ಅಣ್ಣನಿಗೆ" ಅಂದರು. ನನಗೆ ಅದು ಯಾವ ಸಾಲಿನಲ್ಲಿ ಉಂಟೆಂದು ಸಿಗಲಿಲ್ಲ.

ಈ ಸಲ ದತ್ತ, ಸಾಧನೀಯ ಎಲ್ಲ ಬರೆದಿದ್ದೇನೆ. ಐದನೆಯದು ಸಾಧಿಸಲು ಬರಲಿಲ್ಲ. ಎರಡು, ಮೂರು ಹಾಕಿ ನೋಡಿದೆ, ಸರಿ ಬಂತು. ಮತ್ತೆ ನಾಲ್ಕು, ಏಳು ಹಾಕಿ ನೋಡಿದೆ, ಆಗಲೂ ಸರಿ ಬಂತು. ಹಾಗಾಗಿ ಸಾಧಿಸಿದೆ ಎಂದು ಬರೆದೆ. ಸರ್ಡ್ ಲೆಕ್ಕಗಳೂ ಇವೆ. √2 + √3 = √5 ಎಂದು ಬರೆದದ್ದು ಸುಲಭವಾಗಿ ಬಂತು.

ಬಿಕರ್ನಕಟ್ಟೆಯ ನನ್ನ ಗೆಳತಿ ವಿನಿಫ್ರೆಡ್ ಅವಳ ಮನೆಯ ಹತ್ತಿರದ ಬಾಲ ಏಸುವಿನ ಗುಡಿಗೆ ಕರೆದುಕೊಂಡು ಹೋಗಿದ್ದಳು. ಇಬ್ಬರೂ ಮೊಂಬತ್ತಿ ಹೊತ್ತಿಸಿದೆವು. ಗಣಿತಕ್ಕೆ ಅಂತಲೇ ಬೇರೆ ಒಂದು ಹೊತ್ತಿಸಿದೆ.

ನಿತ್ಯಾನಂದ ಬಾವನ ವಿಷಯ ನೀವು ಎಂತದೂ ಬರೆಯಲಿಲ್ಲ.

ಆಶಾಲತಾ


ಫೋರ್ಟ್, ಬೊಂಬಾಯಿ
17 ಜುಲೈ 1979

ಚಿ. ಆಶಾಲತಾಳಿಗೆ ಆಶೀರ್ವಾದಗಳು.

ಬಾಲ ಏಸುವಿಗೆ ನಿನ್ನ ಕರಣಿಗಳ ಕಾಟ ಕೊಡಬೇಡ. ನಿಮ್ಮ ಕಾಲೇಜಿನವರು ಸರ್ಡ್ ಅನ್ನುವುದನ್ನೇ ನಾವು ಕರಣಿ ಅನ್ನುವುದು. ಮೊಂಬತ್ತಿ ಉರಿಯುವಷ್ಟು ಹೊತ್ತು ಅಲ್ಲೇ ಕುಳಿತು ಲೆಕ್ಕ ಮಾಡಿದ್ದರೆ ಇಬ್ಬರಿಗೂ ಉಪಕಾರವಾಗುತ್ತಿತ್ತು.

"ಸುಲಭವಾಗಿ ಬಂತು" ಎಂದು ಬರೆದಿದ್ದೀಯ. ಬಾರದೆ ಏನು? ಒಂಬತ್ತರ ವರ್ಗಮೂಲ ಮೂರು, ಹದಿನಾರರದ್ದು ನಾಲ್ಕು. ಕೂಡಿದರೆ ಏಳು. ನಿನ್ನ ದಾರಿಯಲ್ಲಿ ಇಪ್ಪತ್ತೈದರ ವರ್ಗಮೂಲ, ಐದು. ಉಳಿದ ಎರಡನ್ನು ಎಲ್ಲಿ ಬಚ್ಚಿಟ್ಟೆ? ಬೇರೆ ಬೇರೆ ಕರಣಿಗಳನ್ನು ಒಂದೇ ಚಿಹ್ನೆಯ ಅಡಿ ತುರುಕಿದ ಮಾತ್ರಕ್ಕೆ ಅವು ಕೂಡಿಕೊಳ್ಳುವುದಿಲ್ಲ. ಅವುಗಳ ಪಾಡಿಗೆ ಅವನ್ನು ಬಿಡು.

ಐದನೇ ಲೆಕ್ಕದ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಎರಡು ಸಲ ಸರಿ ಬಂತಂತೆ, ಹಾಗಾಗಿ ಸಾಧಿಸಿದಳಂತೆ! ಇವತ್ತು ಫೋರ್ಟಿನಲ್ಲಿ ನನಗೆ ಎದುರಾದ ಇಬ್ಬರಿಗೂ ಕನ್ನಡಕ ಇತ್ತು. ಹಾಗಾದರೆ ಬೊಂಬಾಯಿಗೆ ಬೊಂಬಾಯಿಯೇ ಕುರುಡು ಎಂದು ಬರೆಯಲೇ? ಉದಾಹರಣೆ ಸಾಧನೆಯಲ್ಲ. ಸಾವಿರ ಉದಾಹರಣೆಯೂ ಸಾಧನೆಯಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸು.

ಇವತ್ತು ಆಟಿ ತಿಂಗಳು ಸುರುವಾಗಿದೆ. ಆಟಿಯಲ್ಲಿ ನಮ್ಮಲ್ಲಿ ಯಾರೂ ಮದುವೆಯ ಸುದ್ದಿ ಎತ್ತುವುದಿಲ್ಲ. ನೀನೂ ಎತ್ತಬೇಡ. ಲೆಕ್ಕ ಮಾಡು.

ಮಾವ


ಬಿಜೈ
8 ಆಗಸ್ಟ್ 1979

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಗೋಡೆಗೆ ಅಂಟಿಸಿದ್ದೇನೆ. ಅಪ್ಪ ಓದಿ, "ಇದು ಯಾರಿಗೆ ಬರೆದದ್ದು?" ಎಂದು ಗಾಬರಿಯಾದರು.

ಈಗ ವೆಕ್ಟರ್ ನಡೆದಿದೆ. ಪುಸ್ತಕದಲ್ಲಿದ್ದ ದೋಣಿಯ ಲೆಕ್ಕ ತಲೆಗೆ ಹತ್ತದೆ, ವಿನಿಫ್ರೆಡಳನ್ನು ಎಳೆದುಕೊಂಡು ಬೆಂಗ್ರೆಗೆ ದಾಟುವ ಕಡವಿಗೆ ಹೋದೆ. ದೋಣಿಯವನು ದೋಣಿಯ ಮೂತಿಯನ್ನು ಎದುರು ದಡಕ್ಕೆ ಇಡದೆ, ಬೇರೆಲ್ಲಿಗೋ ಹೋಗುವವನ ಹಾಗೆ ಹೊಳೆಯ ಮೇಲ್ಬದಿಗೆ ಓರೆಯಾಗಿ ಇಟ್ಟ. ನೀರು ಕೆಳಗೆ ತಳ್ಳುತ್ತಾ ಬಂತು. ಎರಡೂ ಸೇರಿ ದೋಣಿ ಸರಿಯಾಗಿ ಎದುರು ದಡಕ್ಕೆ ಮುಟ್ಟಿತು. ಮನೆಗೆ ಬಂದು ಎರಡು ಬಾಣ ಬರೆದೆ, ಮೂರನೆಯದು ತಾನಾಗಿ ಬಂತು. ಎರಡು ವೆಕ್ಟರ್ ಕೂಡಿದರೆ ಬರುವ ದಿಕ್ಕು ಇದರದ್ದೂ ಅಲ್ಲ, ಅದರದ್ದೂ ಅಲ್ಲ ಎಂಬುದು ಈಗ ಅರ್ಥವಾಯಿತು. ಮಾವ, ನನಗೆ ಎಷ್ಟು ಖುಷಿಯಾಯಿತು ಗೊತ್ತುಂಟಾ! ಕಾಲೇಜಿನಲ್ಲಿ ವರ್ಷವಿಡೀ ಕುಳಿತು ಬೋರ್ಡು ನೋಡಿದ್ದೆ, ಒಮ್ಮೆಯೂ ಹೀಗಾಗಿರಲಿಲ್ಲ.

ಆಟಿಯಲ್ಲಿ ಮದುವೆಯ ಸುದ್ದಿ ಎತ್ತಬೇಡ, ಲೆಕ್ಕ ಮಾಡು ಎಂದು ಬರೆದಿರಿ. ನನ್ನನ್ನು ಓದಿಸಬೇಕೆಂದೇ ನಿಮ್ಮ ಮನಸ್ಸಿನಲ್ಲಿ ಉಂಟು, ಬಾಯಿಬಿಟ್ಟು ಹೇಳುವ ಜಾತಿ ನೀವಲ್ಲ ಎಂದು ತಿಳಿದುಕೊಂಡೆ. ಪಾಸಾದರೆ ಮದುವೆ ಇಲ್ಲ. ಅದನ್ನು ನೆನೆಸಿಕೊಂಡೇ ಬೆಳಿಗ್ಗೆ ಏಳುತ್ತೇನೆ.

ನಿಮ್ಮ ಆಶಾ


ಫೋರ್ಟ್, ಬೊಂಬಾಯಿ
19 ಆಗಸ್ಟ್ 1979

ಚಿ. ಆಶಾಲತಾಳಿಗೆ ಆಶೀರ್ವಾದಗಳು.

ಎಲ್ಲವೂ ಸರಿ. ಅಕ್ಷರ ಕೋಳಿ ಕೆದಕಿದ ಹಾಗಿದೆ, ಆದರೆ ಸರಿ. ಛೇದದಲ್ಲಿದ್ದ ಕರಣಿಗಳನ್ನು ತೆಗೆದ ರೀತಿ ನೋಡಿ ಯಾರಿಂದ ನಕಲು ಹೊಡೆದೆ ಎಂದು ಯೋಚಿಸಿದೆ. ಮಂಗಳೂರಿನಲ್ಲಿ ನಕಲು ಕೊಡುವಷ್ಟು ತಿಳಿದವರು ಯಾರೂ ಇಲ್ಲದ್ದರಿಂದ ನೀನೇ ಮಾಡಿರಬೇಕು.

ವೆಕ್ಟರಿಗೆ ಪರಿಮಾಣವೂ ಬೇಕು, ದಿಕ್ಕೂ ಬೇಕು ಎಂಬುದನ್ನು ಮರೆಯಬೇಡ. ಪರಿಮಾಣ ಇದ್ದು ದಿಕ್ಕಿಲ್ಲದಿದ್ದರೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನನ್ನ ಮಗನನ್ನು ನೋಡಬೇಕು. ಹೋಟೆಲಿನ ಕೌಂಟರಿನಲ್ಲಿ ಕುಳಿತು ಬೆಳಗಿನಿಂದ ರೇಡಿಯೋ ಕೇಳುತ್ತಾನೆ, ಸಂಜೆ ಮೋಟಾರ್ ಸೈಕಲ್ ಹತ್ತುತ್ತಾನೆ, ಎಲ್ಲಿಗೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ.

ಇನ್ನೂ ಎರಡು ಸೆಟ್ ಇಟ್ಟಿದ್ದೇನೆ. ನಿನ್ನ ಅಮ್ಮನಿಗೆ ಬೇರೆ ಬರೆದಿದ್ದೇನೆ.

ಮಾವ


ಬಿಜೈ
12 ಸೆಪ್ಟೆಂಬರ್ 1979

ಮಾವನವರಿಗೆ.

ಈ ಸಲ ಲೆಕ್ಕ ಕಳಿಸಿಲ್ಲ.

ಮೊನ್ನೆ ಅಮ್ಮ ಹಂಪನಕಟ್ಟೆಗೆ ಹೋಗುವ ಅಂದರು. ಕಂಪಾಸ್ ಪೆಟ್ಟಿಗೆ ತೆಗೆಸಿಕೊಡುತ್ತಾರೆ ಎಂದು ಹಿಂದೆ ಹೋದೆ. ಹೋದದ್ದು ಸೀರೆಯ ಅಂಗಡಿಗೆ. ನನ್ನ ಹೆಗಲ ಮೇಲೆ ಹಾಕಿ ನೋಡಿದ್ದು ಧಾರೆಸೀರೆ. ಡಿಸೆಂಬರಿನಲ್ಲಿ ಮದುವೆಯಂತೆ, ಹಾಲ್ ಬುಕ್ ಮಾಡಿ ಆಯಿತಂತೆ, ನೀವೇ ದಿನ ನೋಡಿಸಿ ತಿಳಿಸಿದ್ದಂತೆ. "ಪಾಸಾದರೆ?" ಎಂದು ಕೇಳಿದೆ. "ಪಾಸಾದರೂ ಅಷ್ಟೇ, ಫೇಲಾದರೂ ಅಷ್ಟೇ" ಅಂದರು. "ಮತ್ತೆ ಪರೀಕ್ಷೆ ಎಂತಕ್ಕೆ?" ಎಂದೆ. ಅಂಗಡಿಯವನ ಎದುರೇ ಹೇಳಿದರು, "ಲೆಕ್ಕದ ಮಾಸ್ತರರ ಸೊಸೆ ಲೆಕ್ಕದಲ್ಲಿ ಫೇಲು ಅಂತ ನಾಲ್ಕು ಜನ ಆಡಿದರೆ ಅಣ್ಣನಿಗೆ ಮರ್ಯಾದೆ ಉಂಟಾ ಮಾರಾಯ್ತಿ?"

ನಾನು ಎಷ್ಟು ಬೆಪ್ಪಿ ಮಾವ! ನೀವು ನನ್ನನ್ನು ತಿದ್ದುತ್ತಿದ್ದೀರಿ ಎಂದುಕೊಂಡಿದ್ದೆ. ನೀವು ನಿಮ್ಮ ಮನೆಗೆ ಬರುವ ಸಾಮಾನನ್ನು ಉಜ್ಜಿ ಹೊಳಪು ಮಾಡುತ್ತಿದ್ದಿರಿ.

ಇದು ಹೌದಾ ಅಲ್ಲವಾ, ಅದಷ್ಟು ಬರೆಯಿರಿ.

ಆಶಾಲತಾ


ಫೋರ್ಟ್, ಬೊಂಬಾಯಿ
20 ಸೆಪ್ಟೆಂಬರ್ 1979

ಆಶಾಲತಾಳಿಗೆ.

ನಿನ್ನ ಕಾಗದದ ಭಾಷೆ ನನಗೆ ಹಿಡಿಸಲಿಲ್ಲ. ಮನೆಯ ಹಿರಿಯರು ನಿನಗೆ ಸಮಜಾಯಿಷಿ ಕೊಡಬೇಕಾಗಿಲ್ಲ. ಆದರೂ ಕೇಳಿದ್ದೀಯ, ಬರೆಯುತ್ತೇನೆ.

ಇದು ನಿಶ್ಚಯವಾದ ವಿಷಯ, ಆದ್ದರಿಂದ ಚರ್ಚೆಗೆ ಜಾಗವಿಲ್ಲ. ನಮ್ಮಲ್ಲಿ ತಂಗಿಯ ಮಗಳು ಅಣ್ಣನ ಮಗನಿಗೇ ಸಲ್ಲುವವಳು. ನಿನ್ನ ಅಜ್ಜಿಯನ್ನು ಹಾಗೆಯೇ ಕೊಟ್ಟದ್ದು, ನಿನ್ನ ದೊಡ್ಡಮ್ಮನನ್ನೂ ಹಾಗೆಯೇ. ಇಬ್ಬರೂ ಸುಖವಾಗಿ ಬಾಳಿದರು. ನೀನು ಬಂದರೆ ನಿತ್ಯಾನಂದನಿಗೂ ಒಂದು ದಿಕ್ಕು ಸಿಗುತ್ತದೆ. ಪರೀಕ್ಷೆ ಮುಗಿಸಿ ಬಂದರೆ ನನಗೂ ಮರ್ಯಾದೆ, ನಿನಗೂ ಮರ್ಯಾದೆ. ಇಲ್ಲಿ ಬಂದ ಮೇಲೆ ಪುಸ್ತಕ ಓದಬೇಡ ಎಂದು ಯಾರೂ ಹೇಳುವುದಿಲ್ಲ.

ಪರೀಕ್ಷೆ ಹತ್ತಿರ ಬಂತು. ಇದರ ಜೊತೆ ಇರುವ ಪ್ರಶ್ನೆಪತ್ರಿಕೆಯನ್ನು ಮಾಡಿ ಕಳಿಸು.

ಮಾವ


ಬಿಜೈ
3 ಅಕ್ಟೋಬರ್ 1979

ಮಾವನವರಿಗೆ.

ನಿಮ್ಮ ಕಾಗದವನ್ನೇ ತಿದ್ದಿ ವಾಪಸು ಕಳಿಸಿದ್ದೇನೆ. ಹಂಪನಕಟ್ಟೆಗೆ ಹೋಗಿ ಕೆಂಪು ಪೆನ್ನು ತಂದೆ. ರಬ್ಬರ್ ಬಳಸಿಲ್ಲ. ನನ್ನ ಟಿಪ್ಪಣಿಗಳು ಹೀಗಿವೆ.

ಸಾಧನೀಯ: ಆಶಾಲತಾ ನಿತ್ಯಾನಂದನನ್ನು ಮದುವೆಯಾಗಬೇಕು. ನಿಮ್ಮ ಮೊದಲ ಸಾಲು: "ಇದು ನಿಶ್ಚಯವಾದ ವಿಷಯ." ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ಬರೆದಿದ್ದೀರಿ. ಬೆಂಚಿನ ಮೇಲೆ ನಿದ್ದೆ ಹೊಡೆಯುವ ನಿಮ್ಮ ಹುಡುಗರೂ ಹೀಗೆ ಬರೆಯುವುದಿಲ್ಲ ಎಂದು ಕೇಳಿದ್ದೆ.

ಅಜ್ಜಿ, ದೊಡ್ಡಮ್ಮ: ಎರಡು ಹಾಕಿ ನೋಡಿದಿರಿ, ಸರಿ ಬಂತು. ಉದಾಹರಣೆ ಸಾಧನೆಯಲ್ಲ. ನಮ್ಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಉಂಟು, ಬಂದಾಗ ಓದಿ. ದೊಡ್ಡಮ್ಮ ಸುಖವಾಗಿ ಬಾಳಿದರೆಂದು ಅವರನ್ನು ಕೇಳಿದವರು ಯಾರು?

ನಿತ್ಯಾನಂದನಿಗೆ ದಿಕ್ಕು: ಒಂದು ವೆಕ್ಟರಿನ ದಿಕ್ಕನ್ನು ಬಿಚ್ಚಿ ಇನ್ನೊಂದಕ್ಕೆ ಕಟ್ಟಲು ಬರುವುದಿಲ್ಲ. ಕೂಡಿದರೆ ಅವನ ದಿಕ್ಕೂ ಅಲ್ಲದ, ನನ್ನ ದಿಕ್ಕೂ ಅಲ್ಲದ ಮೂರನೆಯದು ಬರುತ್ತದೆ. ನನ್ನದು ಹೋಗುವುದಂತೂ ಖಂಡಿತ. ನಿತ್ಯಾನಂದ ಬಾವ ದಡ್ಡ ಎಂಬುದು ಎಲ್ಲರಿಗೂ ತಿಳಿದಿರುವುದರಿಂದ ಅವನಿಗೆ ಲಾಭವೂ ಇಲ್ಲ.

ಮರ್ಯಾದೆಯ ಸಾಲು: ನನ್ನ ಪರೀಕ್ಷೆ ಬೇರೆ, ನಿಮ್ಮ ಮರ್ಯಾದೆ ಬೇರೆ, ಮದುವೆ ಬೇರೆ. ಬೇರೆ ಬೇರೆ ಕರಣಿಗಳು. ಒಂದೇ ಚಿಹ್ನೆಯ ಅಡಿ ತುರುಕಿದ್ದೀರಿ.

ಒಟ್ಟು ಇಪ್ಪತ್ತೊಂಬತ್ತು ಕೊಟ್ಟಿದ್ದೇನೆ. ಅದು ನನ್ನದೇ ಹಳೆಯ ಮಾರ್ಕು, ನಿಮಗಿರಲಿ.

ಹದಿನೈದರಂದು ಗಣಿತ. ಅಷ್ಟರೊಳಗೆ ಮದುವೆ ಇಲ್ಲ ಎಂದು ನಿಮ್ಮ ಕಾಗದ ಬಾರದಿದ್ದರೆ ಹೆಸರು, ನಂಬರು ಬರೆದು ಖಾಲಿ ಹಾಳೆ ಕೊಟ್ಟು ಬರುತ್ತೇನೆ. ಲೆಕ್ಕದ ಮಾಸ್ತರರಿಗೆ ಎರಡು ಸಲ ಫೇಲಾದ ಸೊಸೆ ಸಿಗುತ್ತಾಳೆ. ನಾಲ್ಕು ಜನ ಆಡಲಿ.

ಆಶಾಲತಾ


ಫೋರ್ಟ್, ಬೊಂಬಾಯಿ
12 ಅಕ್ಟೋಬರ್ 1979

ಆಶಾಲತಾಳಿಗೆ.

ನಿನ್ನ ಕೆಂಪು ಶಾಯಿ ಬಂತು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಈ ವಯಸ್ಸಿನಲ್ಲಿ ಮೊದಲ ಸಲ ಯಾರೋ ಮಾರ್ಕು ಹಾಕಿದರು. ಸಿಟ್ಟಿನಲ್ಲಿ ಹರಿದು ಹಾಕಬೇಕೆಂದು ಹಿಡಿದೆ. ಹರಿಯುವ ಮೊದಲು ತಪ್ಪು ಹುಡುಕುವ ಚಟ ಇದೆಯಲ್ಲ, ಹುಡುಕಿದೆ. ಎರಡು ಸಿಕ್ಕಿದವು.

ಮೊದಲನೆಯದು, ನಿತ್ಯಾನಂದ ದಡ್ಡ ಎಂಬುದು ದತ್ತದಲ್ಲಿಲ್ಲ. ಅದನ್ನು ನಾನು ಹೇಳಬಹುದು, ನೀನು ಹೇಳುವ ಹಾಗಿಲ್ಲ. ಎರಡನೆಯದು, ಪರೀಕ್ಷೆ ಬೇರೆ ಮದುವೆ ಬೇರೆ ಎಂದು ಬರೆದವಳು ಮುಂದಿನ ಸಾಲಿನಲ್ಲೇ ಖಾಲಿ ಹಾಳೆಯ ಬೆದರಿಕೆ ಹಾಕಿ ಎರಡನ್ನೂ ಕೂಡಿಸಿದ್ದೀಯ. ಎಂಥ ನಾಚಿಕೆಗೇಡು! ಉಳಿದದ್ದರಲ್ಲಿ ಒಂದು ಸಾಲನ್ನೂ ಅಲ್ಲಾಡಿಸಲು ನನ್ನಿಂದ ಆಗಲಿಲ್ಲ. ಎರಡು ದಿನ ನೋಡಿದೆ.

ಕಾಗದ ಮೇಜಿನ ಮೇಲಿತ್ತು. ನಿತ್ಯಾನಂದ ತೆಗೆದು ಓದಿದ. ಕೆರಳುತ್ತಾನೆ ಎಂದುಕೊಂಡೆ, ಬಿದ್ದು ಬಿದ್ದು ನಕ್ಕ. "ಇವಳನ್ನು ಕಟ್ಟಿಕೊಂಡರೆ ನಾನು ಊಟ ಮಾಡಿದ್ದಕ್ಕೂ ಮಾರ್ಕ್ಸ್ ಹಾಕ್ತಾಳೆ ಅಪ್ಪ. ಅಲ್ಲ, ನನ್ನನ್ನು ಯಾರು ಕೇಳಿದ್ದು?" ಅಂದ. ನಿಜ, ಅವನನ್ನೂ ಯಾರೂ ಕೇಳಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಹುಡುಗ ಮೊದಲ ಸಲ ದಿಕ್ಕಿರುವ ಮಾತಾಡಿದ.

ಮದುವೆ ಇಲ್ಲ. ಬುಕ್ ಮಾಡಿದ್ದ ಹಾಲ್ ಬೇಡವೆಂದು ಬರೆದಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಊರಿಗೆ ಬಂದು ನಿನ್ನ ಅಮ್ಮನ ಎದುರು ನಾನೇ ಕುಳಿತು ಹೇಳುತ್ತೇನೆ. ನನ್ನ ತಂಗಿ ಕುಶಲಾ ಅಳುತ್ತಾಳೆ, ಬೈಯುತ್ತಾಳೆ. ಬೈಯಲಿ.

ಈ ಕಾಗದ ಹದಿನೈದರ ಮೊದಲು ನಿನಗೆ ಸಿಗುವುದಿಲ್ಲ ಎಂದು ಗೊತ್ತಿದೆ. ತಂತಿ ಕೊಡಬಹುದಿತ್ತು, ಪಕ್ಕದ ಮನೆಗೆ ಟ್ರಂಕ್ ಕಾಲ್ ಮಾಡಬಹುದಿತ್ತು. ಮಾಡುವುದಿಲ್ಲ. ಮಾಡಿದರೆ ಮದುವೆ ಬಿಟ್ಟುಕೊಟ್ಟು ನಿನ್ನ ಪರೀಕ್ಷೆ ಕೊಂಡುಕೊಂಡ ಹಾಗಾಗುತ್ತದೆ. ಖಾಲಿ ಹಾಳೆ ಕೊಟ್ಟರೂ ಮದುವೆ ಇಲ್ಲ, ತುಂಬಿಸಿ ಕೊಟ್ಟರೂ ಮದುವೆ ಇಲ್ಲ. ಬೇರೆ ಬೇರೆ ಕರಣಿಗಳು ಎಂದವಳು ನೀನು.

ಖಾಲಿ ಕೊಟ್ಟಿದ್ದರೆ ಮಾತ್ರ ನನಗೆ ಮುಖ ತೋರಿಸಬೇಡ.

ಚಿತ್ತರಂಜನ


ಬಿಜೈ
16 ಅಕ್ಟೋಬರ್ 1979

ಮಾವನವರಿಗೆ.

ನಿಮ್ಮ ಕಾಗದ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ನಿನ್ನೆ ಬೆಳಿಗ್ಗೆ ಕಾಲೇಜಿಗೆ ಹೊರಡುವವರೆಗೆ ಗೇಟಿನ ಕಡೆ ನೋಡುತ್ತಿದ್ದೆ.

ಹೆಸರು, ನಂಬರು ಬರೆದು ಪೆನ್ನಿಗೆ ಮುಚ್ಚಳ ಹಾಕಿ ಕುಳಿತೆ. ಮೂರನೇ ಪ್ರಶ್ನೆ ನಮ್ಮದೇ ಹಳೆಯದು, ಮೂರು ಸಂಖ್ಯೆಗಳ ಮೊತ್ತ ಸೊನ್ನೆ. ಪಕ್ಕದ ಬೆಂಚಿನವಳ ಹಾಳೆ ಕಣ್ಣಿಗೆ ಬಿತ್ತು. ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ಬರೆದು, ಇದನ್ನು ಆಚೆ ಅದನ್ನು ಈಚೆ ದಾಟಿಸುತ್ತಿದ್ದಳು. ನನಗೆ ನಗು ಬಂತು. ನನ್ನ ನಗುವಲ್ಲ, ನಿಮ್ಮದು. ಆಮೇಲೆ ಸುಮ್ಮನಿರಲು ಆಗಲಿಲ್ಲ ಮಾವ. ಖಾಲಿ ಬಿಡಲು ಕೈ ಒಪ್ಪಲಿಲ್ಲ. ಅದೊಂದು ಬರೆದು ಬಿಡುವ ಅಂದುಕೊಂಡೆ. ದತ್ತದಿಂದ ಹೊರಟೆ, ಐದೇ ಸಾಲಿನಲ್ಲಿ ಮುಟ್ಟಿತು. ಮತ್ತೆ ಕರಣಿ, ಮತ್ತೆ ವೆಕ್ಟರ್. ಗಂಟೆ ಹೊಡೆಯುವಾಗ ಒಂದೂ ಉಳಿದಿರಲಿಲ್ಲ.

ಹಾಗಾಗಿ ನೀವು ಗೆದ್ದಿರಿ. ನಾನು ಪಾಸಾಗುತ್ತೇನೆ, ಅದು ಖಂಡಿತ. ನಿಮ್ಮ ಮರ್ಯಾದೆ ಉಳಿಯಿತು. ಡಿಸೆಂಬರಿನಲ್ಲಿ ಬಂದು ಸಾಮಾನು ಕೊಂಡುಹೋಗಿ. ಎಲ್ಲರನ್ನೂ ಮೊದಲ ಸಾಲಿನ ತಪ್ಪಿಗೆ ಹಂಗಿಸುವ ಮನುಷ್ಯ ತನ್ನ ಮನೆಯ ಲೆಕ್ಕದಲ್ಲಿ ಅದೇ ತಪ್ಪು ಮಾಡಿ, ತಿದ್ದಿ ತೋರಿಸಿದ ಮೇಲೂ ಬಾಯಿ ಮುಚ್ಚಿ ಕುಳಿತ ಎಂಬುದನ್ನು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ. ನಿಮ್ಮನ್ನು ಕಂಡರೆ ನನಗೆ ಈಗ ಹೆದರಿಕೆಯೂ ಇಲ್ಲ, ಗೌರವವೂ ಇಲ್ಲ.

ಆಶಾಲತಾ

ಮಧ್ಯಾಹ್ನ. ಈ ಕಾಗದ ಅಂಟಿಸುವಾಗ ಪೋಸ್ಟಿನವ ಮೋನು ಬಂದು ನಿಮ್ಮ ಹನ್ನೆರಡನೇ ತಾರೀಕಿನದ್ದು ಕೊಟ್ಟ. ಜಗಲಿಯಲ್ಲೇ ನಿಂತು ಓದಿದೆ. ಅಮ್ಮ ಒಳಗಿನಿಂದ, "ಯಾರದ್ದು? ಎಂತ ಅಳುವುದು ನೀನು?" ಎಂದು ಕೇಳುತ್ತಿದ್ದಾರೆ. ಲೆಕ್ಕದ್ದು ಎಂದು ಹೇಳಿದ್ದೇನೆ.

ಮೇಲಿನ ಕೊನೆಯ ಪ್ಯಾರಾವನ್ನು ಹರಿದು ಹೊಸದಾಗಿ ಬರೆಯಬಹುದಿತ್ತು. ಬರೆಯುವುದಿಲ್ಲ. ಒಂದೇ ಗೆರೆ ಎಳೆದಿದ್ದೇನೆ, ತಪ್ಪು ಕಾಣುತ್ತಿರಲಿ, ನೀವು ನಗಬೇಕಲ್ಲ. ಸರಿಯಾದದ್ದು ಕೆಳಗೆ ಉಂಟು.

ನಿಮ್ಮ ಇಪ್ಪತ್ತೊಂಬತ್ತನ್ನು ಹೊಡೆದು ಮೂವತ್ತೈದು ಮಾಡಿದ್ದೇನೆ. ಅದಕ್ಕಿಂತ ಒಂದೂ ಹೆಚ್ಚಿಲ್ಲ, ತಂತಿ ಕೊಡದೆ ನನ್ನನ್ನು ಆ ಬೆಂಚಿನಲ್ಲಿ ಕೂರಿಸಿದ್ದಕ್ಕೆ ಕಳೆದಿದ್ದೇನೆ. ಆದರೂ ಪಾಸು ಮಾವ. ನೀವು ಪಾಸು.

ನಿಮ್ಮ ಆಶಾ